ಗುಡಿಸಿಟ್ಟ ಮೈದಾನ

ಕಾರ್ಪೊರೇಟರ್ ಸಾಹೇಬರ ಕುರ್ಚಿಯ ಸುತ್ತ ಗಂಗವ್ವ ಹರಡಿದ್ದು ಹಪ್ಪಳವೋ ಸಂಡಿಗೆಯೋ ಎಂದು ಯಾರಾದರೂ ಕೇಳಿದರೆ ನಾನು ಹಪ್ಪಳ ಎನ್ನುತ್ತೇನೆ, ನನ್ನ ಹೆಂಡತಿ ಸಂಡಿಗೆ ಎನ್ನುತ್ತಾಳೆ. ಅಂದು ಇಬ್ಬರೂ ಅಲ್ಲೇ ಇದ್ದೆವು, ಇಬ್ಬರ ಕಣ್ಣೂ ನೆಟ್ಟಗಿದ್ದವು. ಹಾಗಿದ್ದೂ ನಡೆದು ಹೆಚ್ಚು ಕಾಲವಾಗದ ಒಂದು ಸಂಗತಿಗೆ ಒಂದೇ ಮನೆಯಲ್ಲಿ ಎರಡು ಸಾಕ್ಷ್ಯ. ಸಂಡಿಗೆಯಾಗಿದ್ದರೆ ಬಟ್ಟೆಯ ಮೇಲೆ ಇಡಬೇಕಿತ್ತು, ಹಪ್ಪಳವಾದರೆ ಚಾಪೆಯ ಮೇಲೆ. ನನಗೆ ಚಾಪೆ ನೆನಪಿದೆ. ಆದರೆ ಆ ಚಾಪೆ ನಿಜಕ್ಕೂ ಅಲ್ಲಿತ್ತೋ, ವಾದದಲ್ಲಿ ಗೆಲ್ಲುವುದಕ್ಕಾಗಿ ಆಮೇಲೆ ನಾನೇ ಹಾಸಿಕೊಂಡೆನೋ ಎಂದು ಕೇಳಿಕೊಂಡರೆ ಉತ್ತರ ಸಿಗುವುದಿಲ್ಲ.

ತರ್ಕಶಾಸ್ತ್ರ ಓದಿ, ಅದನ್ನೇ ಕಾಲೇಜಿನ ಹುಡುಗರಿಗೆ ಕಲಿಸಿ ಹೊಟ್ಟೆ ಹೊರೆಯುವವನಿಗೆ ಇದು ಸಣ್ಣ ಇರಿಸುಮುರಿಸಲ್ಲ. ನೆನಪೆಂಬುದು ನಮ್ಮ ಮುಂಬೈಯ ಚಾಳಿನ ಖೋಲಿಯಂತೆ ಎಂದು ನನಗೆ ಅನೇಕ ಸಲ ಅನ್ನಿಸಿದೆ: ಮೊದಲು ಇದ್ದದ್ದು ಒಂದೇ ಕೋಣೆ, ಆಮೇಲೆ ಯಾರೋ ನಡುವೆ ಹಲಗೆ ಹೊಡೆದು ಅಡಿಗೆಮನೆ ಮಾಡಿದರು, ಇನ್ನಾರೋ ಮೇಲೊಂದು ಅಟ್ಟ ಏರಿಸಿದರು, ಈಗ ಮೂಲದ ಗೋಡೆ ಯಾವುದೆಂದು ಹಳೆಯ ಬಾಡಿಗೆದಾರನಿಗೂ ಗೊತ್ತಿಲ್ಲ. ಆದ್ದರಿಂದ ಸ್ನೇಹಿತರೇ, ಮುಂದೆ ನಾನು ಹೇಳುವುದನ್ನು ಅಲ್ಲಲ್ಲಿ ಬೆರಳಿನಿಂದ ತಟ್ಟಿ ನೋಡುತ್ತಾ ಓದಿ. ಟೊಳ್ಳು ಸದ್ದು ಬಂದರೆ ಅದು ನಾನು ಕಟ್ಟಿದ ಹಲಗೆ.

ನಡೆದದ್ದು ಗೋರೆಗಾಂವಿನಲ್ಲಿ, ನಮ್ಮ ಉಪನಗರ ದೊಡ್ಡ ಮುಂಬೈಯೊಳಗೆ ಸೇರಿದ ಹೊಸತರಲ್ಲಿ. ಸ್ಟೇಷನ್ನಿನಿಂದ ತುಸು ದೂರದಲ್ಲಿ ಎರಡು ಮಹಡಿಯ ಉದ್ದನೆಯ ಚಾಳು. ಅದರಲ್ಲಿ ಧಾರವಾಡ, ಬೆಳಗಾವಿ, ವಿಜಾಪುರದ ಕಡೆಯವರು, ಉಡುಪಿ, ಮಂಗಳೂರಿನವರು, ಕೊಂಕಣದ ಮರಾಠಿಗರು. ಚಾಳಿನೆದುರು ಒಂದು ಮೈದಾನ, ಅದರಾಚೆ ಬೇಲಿ, ಬೇಲಿಯಾಚೆ ಕಾರ್ಖಾನೆಗಳ ಸಾಲು. ಮೈದಾನದಲ್ಲಿ ಮಕ್ಕಳು ಆಡುತ್ತಿದ್ದರು, ಹಗ್ಗಗಳ ಮೇಲೆ ಬಟ್ಟೆ ಒಣಗುತ್ತಿತ್ತು, ಗಣಪತಿ ಹಬ್ಬದಲ್ಲಿ ಮಂಟಪ ಏಳುತ್ತಿತ್ತು. ಮಳೆಗಾಲವೊಂದು ಬಿಟ್ಟರೆ ದಿನವೂ ಅಲ್ಲಿ ಗಂಗವ್ವನ ಹಪ್ಪಳ ಒಣಗುತ್ತಿತ್ತು.

ಗಂಗವ್ವ ವಿಜಾಪುರದ ಕಡೆಯ ವಿಧವೆ. ಗಿರಣಿಯಲ್ಲಿದ್ದ ಗಂಡ ತೀರಿಕೊಂಡ ಮೇಲೆ ಊರಿಗೆ ಹೋಗೆಂದವರಿಗೆಲ್ಲ ಅವಳು ಹೇಳಿದ್ದು ಒಂದೇ ಮಾತು: "ಊರಾಗ ನನ್ನ ಹಾದಿ ಯಾರ ಕಾಯಾಕತ್ಯಾರ? ಇಲ್ಲಿ ಖೋಲಿ ಕೀಲಿ ನನ್ನ ಸೊಂಟದಾಗ ಐತಿ." ಆ ಕೀಲಿಯನ್ನು ಸೊಂಟದಲ್ಲಿ ಉಳಿಸಿದ್ದು ಅವಳ ಉದ್ದಿನ ಹಪ್ಪಳ. ಗ್ರಾಂಟ್ ರೋಡಿನ ಎರಡು ಖಾನಾವಳಿಗೂ, ನಮ್ಮ ಸ್ಟೇಷನ್ ಹತ್ತಿರದ ಶೀನಪ್ಪ ಶೆಟ್ಟರ ಹೋಟೆಲಿಗೂ ಅವಳದೇ ಹಪ್ಪಳ ಹೋಗುತ್ತಿತ್ತು. ಮುಂಬೈಯ ಸಮುದ್ರದ ಗಾಳಿಯಲ್ಲಿ ತೇವ ಎಷ್ಟಿರುತ್ತದೆಂದು ಉಪ್ಪಿನ ಡಬ್ಬಿ ತೆರೆದವರಿಗೆಲ್ಲ ಗೊತ್ತು; ಇಲ್ಲಿ ಹಪ್ಪಳ ಒಣಗಬೇಕಾದರೆ ಗಟ್ಟಿ ಬಿಸಿಲೇ ಬೇಕು. ಗಂಡನಿಗೆ ಗಿರಣಿ ಇದ್ದಂತೆ ಇವಳಿಗೆ ಆ ಮೈದಾನದ ಬಿಸಿಲು.

ಅದಕ್ಕೆ ಸಂಚಕಾರ ಬಂದದ್ದು ಒಂದು ಬಣ್ಣದ ರೂಪದಲ್ಲಿ. ನಗರದ ಹೊಸ ನಕ್ಷೆ ತಯಾರಾಗುತ್ತಿದ್ದ ಕಾಲ ಅದು. ಕಾರ್ಖಾನೆಗಳ ಜಾಗಕ್ಕೆ ನೇರಳೆ, ಬಯಲಿಗೆ ಹಸಿರು. ಮೈದಾನದ ಮಾಲೀಕನಿಗೆ ಅದನ್ನು ತಗಡಿನ ಡಬ್ಬಿ ಮಾಡುವವರಿಗೆ ಕೊಡುವ ಆಸೆ. ಬೇಲಿಯಾಚೆಯ ನೇರಳೆ ಒಂದಿಷ್ಟು ಈಚೆಗೆ ಹರಿದರೆ ಅವನ ಕೆಲಸವಾಗುತ್ತಿತ್ತು. ಅಳತೆಗೆ ಬಂದವರು ಆ ಜಾಗವನ್ನು ಖಾಲಿ ಎಂದು ಗುರುತು ಮಾಡಿಕೊಂಡು ಹೋದರೆಂಬ ಸುದ್ದಿ ಬಂತು. ಬಣ್ಣ ಹಚ್ಚುವವರು ಅಧಿಕಾರಿಗಳಾದರೂ ಅದಕ್ಕೆ ಒಪ್ಪಿಗೆಯ ಕೈ ಎತ್ತುವವರು ಜನ ಆರಿಸಿದ ಕಾರ್ಪೊರೇಟರುಗಳು. ನಾನು ಚಾಳಿನವರ ಪರವಾಗಿ ಇಂಗ್ಲಿಷಿನಲ್ಲಿ ತಕರಾರು ಬರೆದೆ. ನಮ್ಮ ಭಾಗದ ಕಾರ್ಪೊರೇಟರು, ದಾದರಿನಲ್ಲಿ ವಾಸವಾಗಿದ್ದ ಮರಾಠಿ ಗೃಹಸ್ಥರು, ಒಳ್ಳೆಯ ಮನುಷ್ಯರೇ. "ಜಾಗ ಬಳಕೆಯಲ್ಲಿದೆಯೋ ಖಾಲಿ ಬಿದ್ದಿದೆಯೋ ನಾನೇ ಬಂದು ನೋಡುತ್ತೇನೆ, ನೋಡದೆ ಕೈ ಎತ್ತುವುದಿಲ್ಲ" ಎಂದು ಹೇಳಿ ಕಳಿಸಿದರು.

ದೊಡ್ಡವರು ನೋಡಲು ಬರುತ್ತಾರೆ ಎಂದಾಗ ನಮ್ಮ ಜನ ಏನು ಮಾಡುತ್ತಾರೆ? ಗುಡಿಸುತ್ತಾರೆ.

ಮುಂದಾಳತ್ವ ನಮ್ಮ ಚಾಳಿನಲ್ಲೇ ಇದ್ದ ಶೀನಪ್ಪ ಶೆಟ್ಟರದು. ಹಗ್ಗಗಳು ಬಿಚ್ಚಿಕೊಂಡವು, ಹೊರಸುಗಳು ಒಳಗೆ ಹೋದವು, ಮಕ್ಕಳ ಲಗೋರಿಯ ಕಲ್ಲುಗಳು ಕೂಡ ಮೂಲೆ ಸೇರಿದವು. ಹೆಂಗಸರು ನೀರು ಚಿಮುಕಿಸಿ, ಸಗಣಿ ಸಾರಿಸಿ, ರಂಗೋಲಿ ಹಾಕಿದರು. ಮಕ್ಕಳಿಗೆ ಎಣ್ಣೆ ಹಚ್ಚಿ ತಲೆ ಬಾಚಿ, ಅಲುಗಾಡಿದರೆ ಜೋಕೆ ಎಂದು ಪಡಸಾಲೆಯಲ್ಲಿ ಸಾಲಾಗಿ ಕೂರಿಸಿದರು. ಉಳಿದದ್ದು ಗಂಗವ್ವನ ಚಾಪೆಗಳು.

"ಗಂಗಕ್ಕ, ಇವತ್ತು ಒಂದು ದಿವಸ ಒಳಗೆ ಇಡಿ ಮಾರಾಯ್ರೆ. ಸಾಹೇಬ್ರು ಎಂತ ಹಪ್ಪಳ ಮೆಟ್ಟಿಕೊಂಡು ಬರ್ಲಿಕ್ಕುಂಟಾ?" ಎಂದರು ಶೆಟ್ಟರು.

"ಹಿಟ್ಟ ರಾತ್ರಿನ ಕಲಸೀನ್ರೀ ಶೆಟ್ಟರ. ಲಟ್ಟಿಸಿ ಇಟ್ಟೀನಿ. ಸಾಹೇಬರು ಬರೂತನಕಾ ತಡಿ ಅಂದ್ರ ಹಿಟ್ಟ ಕೇಳತೈತೇನು?"

"ಬೆಳಿಗ್ಗೆ ಬರ್ತಾರೆ, ಬೆಳಿಗ್ಗೆ ಹೋಗ್ತಾರೆ. ನಿಮ್ಮ ಜಾಗ ಉಳಿಸ್ಲಿಕ್ಕೇ ಅಲ್ವಾ ಇದೆಲ್ಲ?"

ಗಂಗವ್ವ ಚಾಪೆ ಸುತ್ತಿದಳು. ಮೊರಗಳಲ್ಲಿ ಹಪ್ಪಳ ತುಂಬಿಕೊಂಡು ಒಳಗೆ ಹೋದಳು. ಶೆಟ್ಟರು ತಮ್ಮ ಹೋಟೆಲಿನಿಂದ ತಂದ ಒಳ್ಳೆಯ ಕುರ್ಚಿಯನ್ನು ಎಲ್ಲಿ ಹಾಕುವುದೆಂದು ಒಂದಿಷ್ಟು ಚರ್ಚೆಯಾಯಿತು. ಬೇಲಿಯ ಕಡೆ ಆಗಲೇ ಬಿಸಿಲು ಬಿದ್ದಿತ್ತು. ಪಡಸಾಲೆಯ ಹತ್ತಿರ ಬೆಳಗಿನ ಹೊತ್ತು ಚಾಳಿನದೇ ನೆರಳು. ಅತಿಥಿಗೆ ತಂಪಾಗಲಿ ಎಂದು ಕುರ್ಚಿಯನ್ನು ಪಡಸಾಲೆಯ ಹತ್ತಿರವೇ ಹಾಕಿದರು.

ಬೆಳಿಗ್ಗೆ ಬರುತ್ತೇನೆಂದ ಸಾಹೇಬರು ಬಂದಾಗ ಬಿಸಿಲು ನೆತ್ತಿಗೇರಿತ್ತು. ನೆರಳು ಚಾಳಿನ ಕಾಲಡಿಗೆ ಸರಿದುಹೋಗಿ, ಅವರ ಕುರ್ಚಿ ಸುಡುವ ಬಿಸಿಲಿನಲ್ಲಿ ನಿಂತಿತ್ತು. ಯಾರೋ ಕೊಡೆ ಹಿಡಿದರು. ಹಾರ ಹಾಕಿದ್ದಾಯಿತು, ಶರಬತ್ತು ಕುಡಿದದ್ದಾಯಿತು. ಸಾಹೇಬರು ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಂಡು ಮೈದಾನದತ್ತ ಕಣ್ಣು ಹಾಯಿಸಿ, "ಛಾನ್ ಸ್ವಚ್ಛ ಆಹೆ. ಅಗದೀ ರಿಕಾಮಂ," ಎಂದರು. ರಿಕಾಮಂ ಎಂದರೆ ಮರಾಠಿಯಲ್ಲಿ ಖಾಲಿ.

ಚೊಕ್ಕಟವಾಗಿದೆ ಎಂದದ್ದಕ್ಕೆ ಶೆಟ್ಟರು ಹೆಮ್ಮೆಯಿಂದ ತಲೆದೂಗಿದರು. ನಾನು ಕೇಳಿಸಿಕೊಂಡದ್ದು ಎರಡನೆಯ ಮಾತು. ಈ ಜಾಗ ಖಾಲಿಯಿಲ್ಲ ಎಂದು ತೋರಿಸಲು ಕರೆದ ಮನುಷ್ಯನ ಮುಂದೆ ನಾವು ಬದುಕಿನ ಒಂದು ಗುರುತೂ ಉಳಿಯದಂತೆ ಜಾಗವನ್ನು ಗುಡಿಸಿ ಇಟ್ಟಿದ್ದೆವು. ನಾನು ಇಂಗ್ಲಿಷಿನಲ್ಲಿ ಏನೋ ಹೇಳಿದೆ. ದಿನವೂ ಇಲ್ಲಿ ಇಷ್ಟೆಲ್ಲ ನಡೆಯುತ್ತದೆ ಎಂದೆನೆಂದು ಕಾಣುತ್ತದೆ. ಅವರು ಸೌಜನ್ಯದಿಂದ ಕೇಳಿಸಿಕೊಂಡು ಮತ್ತೆ ಮೈದಾನ ನೋಡಿದರು. ಕಣ್ಣಿನ ಎದುರು ನನ್ನ ಮಾತು ಎಷ್ಟರದ್ದು?

ಆಗ ಗಂಗವ್ವ ಹೊರಗೆ ಬಂದಳು. ಎರಡೂ ಕೈಯಲ್ಲಿ ಮೊರ, ಕಂಕುಳಲ್ಲಿ ಚಾಪೆ. ಹಾರ, ಕೊಡೆ, ಸಾಹೇಬರು ಯಾವುದನ್ನೂ ನೋಡದವಳಂತೆ ಮೆಟ್ಟಿಲಿಳಿದು, ಎದುರಿಗೆ ಸಿಕ್ಕ ಬಿಸಿಲಿನಲ್ಲಿ ಚಾಪೆ ಬಿಡಿಸಿ, ಮೆತ್ತಗಾಗಿದ್ದ ಹಪ್ಪಳಗಳನ್ನು ಒಂದೊಂದಾಗಿ ಹರಡತೊಡಗಿದಳು. ಒಂದು ಚಾಪೆ ತುಂಬಿತು; ಮತ್ತೊಂದು ತಂದಳು. ಕುರ್ಚಿಯ ಎಡಕ್ಕೆ, ಬಲಕ್ಕೆ, ಆಮೇಲೆ ಮುಂದೆ.

"ಗಂಗಕ್ಕ, ಎಂತ ಮಾಡ್ತಾ ಇದ್ದೀರಿ? ಸಾಹೇಬ್ರು ಕೂತಿದ್ದಾರೆ." ಶೆಟ್ಟರ ದನಿ ಹಲ್ಲುಗಳ ನಡುವಿನಿಂದ ಬಂತು.

"ಕೂಡ್ಲಿ ಬಿಡ್ರಿ. ನಾ ಅವರನ್ನ ಏಳಂದೀನೇನು?"

ಸಾಹೇಬರು ಬಗ್ಗಿ ನೋಡಿದರು. "ಬಾಯಿ, ಹೇ ಕಾಯ್?" ಇದೇನು ಎಂದು.

"ಪಾಪಡ, ಸಾಹೇಬ. ಊನ್ ಪಾಹಿಜೆ." ಬಿಸಿಲು ಬೇಕು.

"ರೋಜ್?"

"ರೋಜ್. ಆಜ್ ತುಮೀ ಆಲಾ, ಮ್ಹಣೂನ್ ಉಶೀರ್." ದಿನಾಲೂ, ಇವತ್ತು ನೀವು ಬಂದಿರಿ, ಅದಕ್ಕೇ ತಡ.

ಮುಂದಿನದರ ಬಗ್ಗೆ ನಮ್ಮ ಚಾಳಿನಲ್ಲಿ ಎಷ್ಟು ಖೋಲಿಗಳೋ ಅಷ್ಟು ಕಥೆಗಳು. ಸಾಹೇಬರು ನಕ್ಕರು ಎನ್ನುತ್ತಾಳೆ ನನ್ನ ಹೆಂಡತಿ. ಅವರ ಮುಖ ಕೆಂಪಗಾಯಿತು, ಹಾರ ತೆಗೆದು ತೊಡೆಯ ಮೇಲಿಟ್ಟುಕೊಂಡರು ಎನ್ನುತ್ತಾರೆ ಶೆಟ್ಟರು. ನನಗೆ ನೆನಪಿರುವುದು ಅವರ ಕಾಲುಗಳು: ಚಪ್ಪಲಿ ಹಪ್ಪಳಕ್ಕೆ ತಾಗದಿರಲೆಂದು ಎರಡೂ ಪಾದಗಳನ್ನು ಹಿಂದಕ್ಕೆಳೆದು ಕುರ್ಚಿಯ ಅಡ್ಡಪಟ್ಟಿಯ ಮೇಲಿಟ್ಟುಕೊಂಡು, ಶಾಲೆಯ ಹುಡುಗನಂತೆ ಮುದುಡಿ ಕುಳಿತಿದ್ದರು. ಅವಳು ಹರಡಿ ಮುಗಿಸುವವರೆಗೂ ಹಾಗೆಯೇ ಕುಳಿತಿದ್ದರು. ಕೊನೆಗೆ ಶೆಟ್ಟರೇ ಒಂದು ಚಾಪೆ ಸರಿಸಿ ದಾರಿ ಮಾಡಿಕೊಟ್ಟರು. ಹೋಗುವಾಗ ಸಾಹೇಬರು ನನ್ನತ್ತ ತಿರುಗಿ, "ಬರೆದದ್ದಕ್ಕಿಂತ ಇದು ಚೆನ್ನಾಗಿತ್ತು, ಪ್ರೊಫೆಸರ್," ಎಂದರು. ಎಂದರೆಂದು ನನ್ನ ನೆನಪು.

ನಮ್ಮಲ್ಲಿ ಹೆಣ್ಣು ನೋಡುವ ಶಾಸ್ತ್ರವಿದೆಯಲ್ಲ, ಆಮೇಲೆ ಎಷ್ಟೋ ದಿನ ನನಗೆ ಅದೇ ಹೋಲಿಕೆ ತಲೆಯಲ್ಲಿ ಸುತ್ತುತ್ತಿತ್ತು. ಮನೆ ಸಾರಿಸಿ, ಹರಿದ ಚಾಪೆ ಅಡಗಿಸಿ, ಹುಡುಗಿಗೆ ಎರವಲು ಸೀರೆ ಉಡಿಸಿ, ಉಪ್ಪಿಟ್ಟಿನ ತಟ್ಟೆ ಕೈಗೆ ಕೊಟ್ಟು ಕಳಿಸುತ್ತೇವೆ. ಬಂದವರು ಹೊರಗಿನ ಕೋಣೆಯಲ್ಲಿ ಕುಳಿತು ತೋರಿಸಿದ್ದನ್ನು ನೋಡಿ ಒಂದು ಜನ್ಮದ ಮಾತು ಕೊಟ್ಟು ಹೋಗುತ್ತಾರೆ. ನೆಲವನ್ನೂ ನಾವು ಹಾಗೆಯೇ ತೋರಿಸುತ್ತೇವೆ, ಕಾರ್ಪೊರೇಟರುಗಳು ಹಾಗೆಯೇ ನೋಡುತ್ತಾರೆ. ಅವರನ್ನು ದೂರುವುದು ಸುಲಭ. ಆದರೆ ನಕ್ಷೆ ಬರೆಯುವವನಿಗೆ ಕಾಗದವಾದರೂ ಇದೆ, ಅಲ್ಲಿ ಬದುಕುವವಳಿಗೆ ಇಡೀ ವರ್ಷವಿದೆ. ಇವರಿಬ್ಬರ ನಡುವೆ ಸಿಕ್ಕಿಕೊಂಡ ಈ ಮನುಷ್ಯನ ಪಾಲಿಗೆ ಬರುವುದು ಒಂದು ಭೇಟಿ, ಒಂದು ಲೋಟ ಶರಬತ್ತು, ಯಾರೋ ಹಾಕಿಟ್ಟ ಒಂದು ಕುರ್ಚಿ. ಅಲ್ಲಿಂದ ಕಂಡಷ್ಟನ್ನು ಹೊತ್ತುಕೊಂಡು ಹೋಗಿ ಅವನು ಎಲ್ಲರ ಪರವಾಗಿ ಕೈ ಎತ್ತಬೇಕು.

ಕೈ ಎತ್ತುವ ದಿನ ಶೆಟ್ಟರೂ ನಾನೂ ಲೋಕಲ್ ಹಿಡಿದು ಚರ್ಚ್‌ಗೇಟಿಗೆ ಹೋಗಿ, ಅಲ್ಲಿಂದ ನಡೆದು, ಕಾರ್ಪೊರೇಷನ್ ಸಭೆಯ ಪ್ರೇಕ್ಷಕರ ಗ್ಯಾಲರಿಯಲ್ಲಿ ಕುಳಿತೆವು. ಶೆಟ್ಟರು ಮಡಿಸಿದ ಉತ್ತರೀಯವನ್ನು ಹಿಂಡುತ್ತಲೇ ಇದ್ದರು. ನಮ್ಮ ಮೈದಾನದ ಸರದಿ ಬರುವಷ್ಟರಲ್ಲಿ ಅರ್ಧ ಸಭೆ ಆಕಳಿಸುತ್ತಿತ್ತು. ನಮ್ಮ ಸಾಹೇಬರು ಎದ್ದು ನಿಂತು, ಈ ಜಾಗ ಖಾಲಿಯಿಲ್ಲ, ಅಲ್ಲಿ ಪಾಪಡ ಒಣಗುವುದನ್ನು ತಾವೇ ಹೋಗಿ ಕಂಡಿದ್ದೇವೆ ಎಂದರು. ಯಾರೋ ಪಾಪಡಕ್ಕಾಗಿ ಕಾರ್ಖಾನೆ ನಿಲ್ಲಿಸಬೇಕೇ ಎಂದು ಕೇಳಿದರು, ನಗು ಎದ್ದಿತು. ಸಾಹೇಬರು ಆ ನಗು ಮುಗಿಯುವವರೆಗೆ ಕಾದು, ಹಾಗಾದರೆ ಬೇಲಿಯ ಕಡೆಯ ಅರ್ಧ ಕಾರ್ಖಾನೆಗಿರಲಿ, ಚಾಳಿನ ಕಡೆಯ ಅರ್ಧ ಹಸಿರಾಗಿ ಉಳಿಯಲಿ ಎಂದು ಸೂಚಿಸಿದರು. ಕೈಗಳು ಮೇಲೆದ್ದವು. ಅವು ಸಾಕಷ್ಟಿದ್ದವೇ ಎಂದು ತಿಳಿಯುವ ಮೊದಲಿನ ಆ ಕ್ಷಣ ನನ್ನ ಮೈಯಲ್ಲಿ ಇನ್ನೂ ಇದೆ. ಅದನ್ನು ಮಾತ್ರ ಹೆಂಡತಿಯೂ ಅಲ್ಲಗಳೆಯಲಾರಳು, ಏಕೆಂದರೆ ಅವಳು ಅಲ್ಲಿರಲಿಲ್ಲ.

"ಅರ್ಧ ಆದ್ರೂ ಸಿಕ್ಕಿತಲ್ಲ ಮಾಸ್ತರ್ರೆ. ಪೂರ್ತಿ ಹೋಗ್ತಿತ್ತು," ಎಂದರು ಶೆಟ್ಟರು. ಅವರ ಕಣ್ಣು ಒದ್ದೆಯಾಗಿತ್ತು. ಸಂಜೆ ಗಂಗವ್ವ ಇಡೀ ಚಾಳಿಗೆ ಹಪ್ಪಳ ಕರಿದು ಹಂಚಿದಳು. ಮರುದಿನ ಒಂದು ಕಟ್ಟು ಹಿಡಿದು ದಾದರಿಗೆ ಹೋಗಿ ಸಾಹೇಬರ ಹೆಂಡತಿಯ ಕೈಗೆ ಕೊಟ್ಟು ಬಂದಳು. ನಾವೆಲ್ಲ ಗೆದ್ದವರಂತೆ ಓಡಾಡಿದೆವು, ಗೋಡೆ ಮೇಲೇಳುವವರೆಗೆ.

ಬೇಲಿಯ ಕಡೆಯ ಅರ್ಧದಲ್ಲಿ ಡಬ್ಬಿ ಕಾರ್ಖಾನೆಯ ಶೆಡ್ಡು ಎದ್ದಿತು. ಕಾಯ್ದೆಯ ಪ್ರಕಾರವೇ ಎದ್ದಿತು, ನಮ್ಮ ಅರ್ಧದ ಒಂದು ಹಿಡಿ ಮಣ್ಣನ್ನೂ ಮುಟ್ಟಲಿಲ್ಲ. ಗೋಡೆ ಸೊಂಟದೆತ್ತರವಾದಾಗ ಮಕ್ಕಳು ಅದರ ಮೇಲೆ ಕುಳಿತು ಆಡಿದರು. ಚಾಳಿನ ಮಹಡಿಯೆತ್ತರವಾದಾಗ ಗಂಗವ್ವ ಮಾತು ಕಡಿಮೆ ಮಾಡಿದಳು. ಗ್ರಾಂಟ್ ರೋಡಿನ ಒಂದು ಖಾನಾವಳಿಯವರು ಹಪ್ಪಳದಲ್ಲಿ ಬೂಷ್ಟು ಎಂದು ಕಟ್ಟು ವಾಪಸು ಕಳಿಸಿದರು. ಚಾಳು ಎರಡು ಪಕ್ಷವಾಯಿತು. ಮೊದಲು ಇಲ್ಲಿ ಇಡೀ ದಿನ ಬಿಸಿಲಿತ್ತು ಎಂದರು ಕೆಲವರು. ಎಲ್ಲಿತ್ತು, ಮುಂಜಾನೆ ಯಾವತ್ತೂ ನೆರಳೇ ಎಂದರು ಉಳಿದವರು. ಮೋಡದ ದೋಷ, ಉದ್ದಿನ ದೋಷ, ಅವಳ ಕೈಯ ದೋಷ ಎಂದವರೂ ಇದ್ದರು.

"ಕೈ ಅದ ಐತಿ, ಉದ್ದು ಅದ ಐತಿ," ಎಂದಳು ಗಂಗವ್ವ ನನ್ನ ಮುಂದೆ. "ಏನ ಬದಲಾಗೇತಿ ಅಂತ ನನಗೂ ತಿಳೀವಲ್ದು ಮಾಸ್ತರ. ನೀವು ಸಾಹೇಬರನ್ನ ಒಂದ ಮಾತ ಕೇಳ್ರಿ."

ನಾನು ದಾದರಿಗೆ ಹೋದೆ. ಸಾಹೇಬರು ಚಹಾ ಕೊಟ್ಟರು, ಎಲ್ಲ ಕೇಳಿಸಿಕೊಂಡರು. "ನೆಲವನ್ನು ಕೇಳಿದಿರಿ, ಕೊಡಿಸಿದೆ. ಬಿಸಿಲಿಗೆ ನಕ್ಷೆಯಲ್ಲಿ ಬಣ್ಣವಿಲ್ಲವಲ್ಲ," ಎಂದರು. ವ್ಯಂಗ್ಯವಿರಲಿಲ್ಲ, ಅವರಿಗೂ ನೋವಾಗಿತ್ತು. ಚಹಾದ ಲೋಟ ಕೆಳಗಿಟ್ಟು, "ಆದರೆ ಆ ಅರ್ಧದಲ್ಲಿ ಬಿಸಿಲಿತ್ತು. ನಾನೇ ಕುಳಿತು ಬೆಂದಿದ್ದೇನೆ. ನೀವೇ ಅಲ್ಲವೇ ನನ್ನನ್ನು ಅಲ್ಲಿ ಕೂರಿಸಿದ್ದು?" ಎಂದರು. ಈ ಕೊನೆಯ ಪ್ರಶ್ನೆಯನ್ನು ಅವರು ನಿಜವಾಗಿ ಕೇಳಿದರೋ, ವಾಪಸು ಬರುವಾಗ ಲೋಕಲಿನ ಬಾಗಿಲಲ್ಲಿ ನಿಂತು ನಾನೇ ಕೇಳಿಕೊಂಡೆನೋ, ಆಣೆ ಮಾಡಿ ಹೇಳಲಾರೆ.

ಅಷ್ಟರಲ್ಲಿ ಶೆಟ್ಟರು ತಮ್ಮ ಹೋಟೆಲಿನ ಅಡಿಗೆಮನೆಯಲ್ಲಿ ಚಪಾತಿ ಲಟ್ಟಿಸುವ ಕೆಲಸ ಕೊಡುತ್ತೇನೆಂದು ಗಂಗವ್ವನಿಗೆ ಹೇಳಿಟ್ಟಿದ್ದರು. ಔದಾರ್ಯವೇ ಅದು, ಆದರೆ ಸ್ವಂತ ಮೊರ, ಸ್ವಂತ ಚಾಪೆ, ಸ್ವಂತ ಹೊತ್ತು ಇದ್ದವಳು ಮತ್ತೊಬ್ಬರ ಒಲೆಯ ಮುಂದೆ ಸಾಲಿನಲ್ಲಿ ನಿಲ್ಲಬೇಕಿತ್ತು. "ಇನ್ನೊಂದ ಸಲ ಹಾಕಿ ನೋಡತೀನಿ," ಎಂದಳು ಅವಳು. "ಒಣಗಿದ್ರ ಐತಿ, ಇಲ್ಲಂದ್ರ ಶೆಟ್ಟರ ಅಡಿಗಿಮನಿ."

ನೆನಪುಗಳ ಜಗಳ ಕೇಳಿ ಕೇಳಿ ಬೇಸತ್ತ ನಾನು, ಮೋಡವಿಲ್ಲದ ಒಂದು ಭಾನುವಾರ, ಅವಳು ಚಾಪೆ ಹಾಸುವ ಮೊದಲೇ ಪಡಸಾಲೆಯ ಮೆಟ್ಟಿಲ ಮೇಲೆ ಕುಳಿತೆ. ಪುಸ್ತಕ ಒಯ್ದಿದ್ದೆ, ತೆರೆಯಲಿಲ್ಲ. ಬೆಳಗೆಲ್ಲ ನಮ್ಮ ಚಾಳಿನ ನೆರಳು ಆ ಅರ್ಧ ಮೈದಾನದ ಮೇಲೆ ಮಲಗಿತ್ತು. ಇಂಥ ಹೊತ್ತಿನಲ್ಲಿ ಅವಳು ಹಿಂದೆಲ್ಲ ಬೇಲಿಯ ಕಡೆ ಹಾಸುತ್ತಿದ್ದಳೆಂದು ಆಗ ಹೊಳೆಯಿತು, ಈಗ ಅಲ್ಲಿ ಗೋಡೆ. ಬಿಸಿಲು ನೆತ್ತಿಗೇರಿದಾಗ ಚಾಳಿನ ನೆರಳು ಹಿಂಜರಿದು, ನೆಲವೆಲ್ಲ ಬೆಳಗಿತು. ಗಂಗವ್ವ ನನ್ನತ್ತ ನೋಡಿ ತುಸು ನಕ್ಕಳು. ಊಟ ಮುಗಿಸಿ ನಾನು ಮತ್ತೆ ಬಂದು ಕೂರುವುದರೊಳಗೆ ಆಚೆಯಿಂದ ಕಾರ್ಖಾನೆಯ ನೆರಳು ಹೊರಟಿತ್ತು. ಅದು ಒಂದೊಂದೇ ಚಾಪೆಯನ್ನು ದಾಟಿ ನನ್ನ ಮೆಟ್ಟಿಲವರೆಗೆ ಬಂತು. ಅವಳು ಚಾಪೆ ಎಳೆದಳು, ಮತ್ತೆ ಎಳೆದಳು. ಎಳೆಯಲು ಜಾಗ ಮುಗಿಯಿತು.

ಸಂಜೆ ಅವಳು ಎತ್ತುವ ಮೊದಲು ನಾನು ಕೆಳಗಿಳಿದು ಒಂದು ಹಪ್ಪಳ ಕೈಗೆ ತೆಗೆದುಕೊಂಡೆ. ಒಣಗಿದ್ದರೆ ಬಗ್ಗಿಸಿದೊಡನೆ ಚಟ್ಟೆಂದು ಮುರಿಯಬೇಕು. ಗಂಗವ್ವ ಮೊರ ಹಿಡಿದು ಪಕ್ಕದಲ್ಲೇ ನಿಂತಿದ್ದಳು. ನಾನು ಎರಡೂ ಕೈಯಿಂದ ಮೆಲ್ಲಗೆ ಬಗ್ಗಿಸಿದೆ.

ಅದು ಮುರಿಯಲಿಲ್ಲ, ಬಗ್ಗಿತು. ಖಚಿತಪಡಿಸಿಕೊಳ್ಳಲು ಇನ್ನೊಂದನ್ನು ತೆಗೆದುಕೊಂಡೆ. ಅದೂ ಬಗ್ಗಿತು.